ಮಂಗಳವಾರ ಮಾತ್ರ ಸರಿಯಾಗಿ ಆಫ್ ಆಗಿತ್ತು

ಏಳನೇ ಸ್ಕ್ರೂ ಕೈಜಾರಿ ಮೇಜಿನ ಕೆಳಗೆ ಉರುಳಿಹೋಯಿತು. ಅಕ್ಕ ಹುಡುಕಲು ಬಗ್ಗಲಿಲ್ಲ. ಗೋಡೆಯ ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು. ಒಂದು ಸ್ಕ್ರೂ ಕಮ್ಮಿಯಾದರೆ ಯಾವ ಲ್ಯಾಪ್‌ಟಾಪೂ ಸಾಯುವುದಿಲ್ಲ. ಆದರೆ ನಾಲ್ಕು ಗಂಟೆಯೊಳಗೆ ಇದು ಎದ್ದು ಕೂರದಿದ್ದರೆ ಅವಳ ತಮ್ಮ ಪೊಲೀಸ್ ಜೀಪು ಹತ್ತುವುದು ಖಂಡಿತ.

"ಏನಮ್ಮ, ಜೀವ ಇದೆಯಾ ಅದಕ್ಕೆ?" ಲ್ಯಾಬಿನ ಒಡತಿ ಡಾಕ್ಟರಮ್ಮ ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು.

"ಇದೆ ಮೇಡಂ. ಬಾಯಿ ಬಿಡ್ತಿಲ್ಲ ಅಷ್ಟೇ."

"ನಿಮ್ಮ ತಮ್ಮನ ಥರಾನೇ ಅನ್ನಿ," ಅಂದ ಬಾಗಿಲಿಗೆ ಒರಗಿ ನಿಂತಿದ್ದ ಮ್ಯಾನೇಜರ್. ಡಾಕ್ಟರಮ್ಮನ ಮೈದುನ. ಸೊಂಟದಲ್ಲಿ ಯಾವಾಗಲೂ ಬೀಗದ ಕೈಗಳ ಗೊಂಚಲು ಜೋತಾಡುತ್ತಿದ್ದುದರಿಂದ ಲ್ಯಾಬಿನವರೆಲ್ಲ ಬೆನ್ನ ಹಿಂದೆ ಅವನನ್ನು ಬೀಗಪ್ಪ ಅನ್ನುತ್ತಿದ್ದರು. ಅಕ್ಕನಿಗೆ ಮೈ ಉರಿಯಿತು. ಬೇರೆ ದಿನವಾಗಿದ್ದರೆ ಚೆನ್ನಾಗಿ ಜಾಡಿಸುತ್ತಿದ್ದಳು. ಇವತ್ತು ನುಂಗಿಕೊಂಡಳು.

ಮಂಗಳವಾರ ಈ ಲ್ಯಾಬಿನಿಂದ ಹೋದ ರಿಪೋರ್ಟನ್ನು ನಂಬಿ ಆಪರೇಷನ್ ಮಾಡಿಸಿಕೊಂಡ ನಿವೃತ್ತ ಮೇಷ್ಟ್ರೊಬ್ಬರು, ರಕ್ತ ನಿಲ್ಲದೆ, ಮೂರು ದಿನದಿಂದ ಐಸಿಯುನಲ್ಲಿ ಮಲಗಿದ್ದರು.

ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳುವ ಪರೀಕ್ಷೆ ಅದು. ಒಂದರ ಆಸುಪಾಸಿದ್ದರೆ ಸರಿ, ನಾಲ್ಕಿದ್ದರೆ ಆಪರೇಷನ್ ಮಾಡುವ ಹಾಗೇ ಇಲ್ಲ. ಯಂತ್ರ ಕೊಟ್ಟ ಚೀಟಿಯಲ್ಲಿ ನಾಲ್ಕು ಪಾಯಿಂಟ್ ಒಂದು. ತಮ್ಮ ಕೈಯಾರೆ ರಿಜಿಸ್ಟರಿನಲ್ಲಿ ಬರೆದದ್ದೂ ನಾಲ್ಕು ಪಾಯಿಂಟ್ ಒಂದೇ. ಈ ಲ್ಯಾಪ್‌ಟಾಪಿನಿಂದ ಆಸ್ಪತ್ರೆಗೆ ಹೋದ ರಿಪೋರ್ಟಿನಲ್ಲಿ ಮಾತ್ರ ಒಂದು ಪಾಯಿಂಟ್ ಒಂದು. ಅದರ ಅಡಿಯಲ್ಲಿ ಟೆಕ್ನಿಶಿಯನ್ ಅಂತ ತಮ್ಮನ ಹೆಸರು, ಹೊತ್ತು ಮಧ್ಯಾಹ್ನ ಒಂದು ಇಪ್ಪತ್ತಾರು.

"ಆ ಹೊತ್ತಿಗೆ ನಾನು ಟೆರೇಸಿನ ಮೆಟ್ಟಿಲ ಮೇಲೆ ಊಟ ಮಾಡ್ತಿದ್ದೆ. ಲ್ಯಾಪ್‌ಟಾಪ್ ಆಫ್ ಮಾಡಿಯೇ ಹೋಗಿದ್ದು," ಅನ್ನುತ್ತಿದ್ದ ತಮ್ಮ. ಒಬ್ಬನೇ ಕೂತು ಉಂಡವನಿಗೆ ಸಾಕ್ಷಿ ಯಾರು? ಸಾಲದ್ದಕ್ಕೆ, ಆ ಲ್ಯಾಪ್‌ಟಾಪ್ ಆಫ್ ಆಗುವುದೇ ಇಲ್ಲ ಅನ್ನುವುದು ಲ್ಯಾಬಿನ ನೆಲ ಒರೆಸುವವಳಿಗೂ ಗೊತ್ತು.

ಆರು ತಿಂಗಳಿಂದ ಅದರದ್ದು ಇದೇ ರಗಳೆ. ಬೆಳಿಗ್ಗೆ ಗುಂಡಿ ಒತ್ತಿದರೆ ಕಂಪನಿಯ ಗುರುತು ಬಂದು ಅಲ್ಲೇ ಕಲ್ಲಾಗಿ ಕೂರುತ್ತದೆ. ಗುಂಡಿ ಅದುಮಿ ಹಿಡಿದು ಸಾಯಿಸಬೇಕು, ಮತ್ತೆ ಎಬ್ಬಿಸಬೇಕು. ಹತ್ತು ಸಲ ಒತ್ತಿದರೆ ಒಂದು ಸಲ ಕಣ್ಣು ಬಿಡುತ್ತದೆ. ಸಂಜೆ ಆಫ್ ಮಾಡಿದರೆ ಪರದೆ ಕಪ್ಪಾಗುತ್ತದೆಯೇ ಹೊರತು ಒಳಗೆ ಫ್ಯಾನು ಗುಂಯ್‌ಗುಡುತ್ತಲೇ ಇರುತ್ತದೆ, ಅಂಚಿನ ದೀಪ ಉರಿಯುತ್ತಲೇ ಇರುತ್ತದೆ.

ಕಾದು ಕಾದು ಸಾಕಾಗಿ ಲ್ಯಾಬಿನವರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಪರದೆ ಕಪ್ಪಾದ ಕೂಡಲೇ ಅದರ ಮೇಲೊಂದು ಹೂವಿನ ಬಟ್ಟೆ ಹೊದಿಸಿಬಿಡುವುದು. ಬಟ್ಟೆ ಹೊದಿಸಿದರೆ ಆಫ್ ಆದ ಲೆಕ್ಕ! ಇನ್ನು ಪಾಸ್‌ವರ್ಡಂತೂ ಚೀಟಿಯಲ್ಲಿ ಬರೆದು ಪರದೆಯ ಅಂಚಿಗೇ ಅಂಟಿಸಿತ್ತು. ಸದ್ಯ, ಬೀದಿಗೊಂದು ಬೋರ್ಡು ಹಾಕಿರಲಿಲ್ಲ.

ಬುಧವಾರದಿಂದ ಅದು ಹತ್ತಕ್ಕೆ ಒಂದು ಸಲವೂ ಏಳುತ್ತಿಲ್ಲ.

"ನೋಡಮ್ಮ, ನಾಲ್ಕಕ್ಕೆ ಇನ್ಸ್‌ಪೆಕ್ಟರ್ ಬರ್ತಾರೆ," ಅಂದರು ಡಾಕ್ಟರಮ್ಮ. "ನನ್ನ ಕಣ್ಣೆದುರಿಗೇ ಬಿಚ್ಚಬೇಕು, ಏನನ್ನೂ ಅಳಿಸಬಾರದು ಅಂತ ಹೇಳಿನೇ ಒಪ್ಪಿದ್ದಾರೆ. ಅಷ್ಟರೊಳಗೆ ಏನಾದ್ರೂ ಸಿಕ್ಕಿದ್ರೆ ತೋರ್ಸು. ಇಲ್ಲಾಂದ್ರೆ ರಿಪೋರ್ಟಿನ ಕೆಳಗೆ ಯಾರ ಹೆಸರಿದೆಯೋ ಅದನ್ನೇ ನಾನು ಹೇಳ್ಬೇಕು. ಲೈಸೆನ್ಸು ನನ್ನ ಹೆಸರಲ್ಲಿದೆ."

"ಗೊತ್ತು ಮೇಡಂ."

ಪ್ಲೈವುಡ್ ಗೋಡೆಯಾಚೆ, ರಕ್ತ ತೆಗೆಯುವ ಕೋಣೆಯಲ್ಲಿ ತಮ್ಮ ಕೂತಿದ್ದ. ಅವನು ಗಂಟಲು ಸರಿಮಾಡಿಕೊಂಡದ್ದು ಈಚೆಗೆ ಕೇಳಿಸಿತು. ಚಿಕ್ಕಂದಿನಿಂದಲೂ ಅಷ್ಟೆ, ಹೆದರಿದಾಗಲೆಲ್ಲ ಅವನಿಗೆ ಗಂಟಲು ಕಟ್ಟುತ್ತಿತ್ತು.

ಅವಳು ಬ್ಯಾಟರಿ ಬಿಚ್ಚಿಟ್ಟಳು. ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಒಳಗೆ ಉಳಿದ ಚೂರುಪಾರು ಕರೆಂಟನ್ನೂ ಇಳಿಸಿದಳು. ಮೆಮೊರಿಯ ಪಟ್ಟಿಯನ್ನು ಹೊರಗೆಳೆದು ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದಳು. ಬ್ರಷ್ಷಿನಲ್ಲಿ ಫ್ಯಾನಿನ ಧೂಳು ತೆಗೆದಳು. ಹದಿನೈದು ವರ್ಷದಿಂದ ಮಾಡುತ್ತಿರುವ ಕೆಲಸ, ಕಣ್ಣು ಮುಚ್ಚಿಕೊಂಡು ಮಾಡಬಲ್ಲಳು. ಬೀದಿಯ ಮಕ್ಕಳು ಸುಮ್ಮನೆ ಅವಳಿಗೆ ಸ್ಕ್ರೂ ಅಕ್ಕ ಎಂದು ಹೆಸರಿಟ್ಟಿರಲಿಲ್ಲ.

ಎಲ್ಲ ಜೋಡಿಸಿ, ವೈರುಗಳನ್ನೆಲ್ಲ ಮೊದಲಿನಂತೆ ಸಿಕ್ಕಿಸಿ, ಗುಂಡಿ ಒತ್ತಿದಳು. ಕಂಪನಿಯ ಗುರುತು ಬಂತು. ಅದರ ಕೆಳಗೆ ಚುಕ್ಕಿಗಳು ಸುತ್ತಿದವು. ಸುತ್ತಿ ಸುತ್ತಿ ಅಲ್ಲೇ ನಿಂತವು.

"ಬಿಡೀಮ್ಮಾ, ಅದರ ಕಥೆ ಮುಗೀತು," ಅಂದ ಬೀಗಪ್ಪ. "ಸುಮ್ನೆ ಯಾಕೆ ಒದ್ದಾಡ್ತೀರಾ? ಪೊಲೀಸರ ದೊಡ್ಡ ಆಫೀಸಿಗೆ ಕಳಿಸಿದ್ರೆ ಅವರೇ ನೋಡ್ಕೋತಾರೆ."

"ದೊಡ್ಡ ಆಫೀಸಿನವರು ನೋಡೋಷ್ಟರಲ್ಲಿ ಮೂರು ತಿಂಗಳಾಗುತ್ತೆ. ಅಲ್ಲೀತನಕ ಒಳಗೆ ಕೂರೋನು ನಿಮ್ಮ ತಮ್ಮ ಅಲ್ಲವಲ್ಲ!"

ಬೀಗಪ್ಪ ಮುಖ ಆಚೆ ತಿರುಗಿಸಿದ. ಸೊಂಟದ ಗೊಂಚಲಿನ ಮೇಲೆ ಅವನ ಕೈ ಸುಮ್ಮಸುಮ್ಮನೆ ಆಡುತ್ತಿತ್ತು. ಈತನಿಗೆ ಇಷ್ಟು ಅವಸರ ಯಾಕೆ ಅನ್ನುವ ಹುಳ ಅಕ್ಕನ ತಲೆ ಹೊಕ್ಕಿತು.

ಮೂರೂ ಕಾಲು. ಅಕ್ಕ ತಲೆ ಹಿಡಿದು ಕೂತಳು. ಅಲ್ಲ, ಇದೇ ಲ್ಯಾಪ್‌ಟಾಪ್ ಎರಡು ಸಲ ಅವಳ ರಿಪೇರಿ ಅಂಗಡಿಗೆ ಬಂದಿತ್ತು. ಅಲ್ಲಿ ಒಳ್ಳೇ ಮಗುವಿನ ಹಾಗೆ ಏಳುತ್ತಿತ್ತು, ಒಳ್ಳೇ ಮಗುವಿನ ಹಾಗೆ ಮಲಗುತ್ತಿತ್ತು. ಎರಡು ಸಲವೂ ಏನೂ ತೊಂದರೆಯಿಲ್ಲ ಎಂದು ವಾಪಸು ಕಳಿಸಿ, ಎರಡು ಸಲವೂ ಡಾಕ್ಟರಮ್ಮನಿಂದ ಬೈಸಿಕೊಂಡಿದ್ದಳು. ಅಂಗಡಿಯಲ್ಲಿ ಸರಿಯಿದ್ದದ್ದು ಇಲ್ಲಿ ಬಂದ ಕೂಡಲೇ ಹಟ ಹಿಡಿಯುವುದೇಕೆ?

ಅಂಗಡಿಗೆ ಬಂದದ್ದು ಲ್ಯಾಪ್‌ಟಾಪ್ ಒಂದೇ. ಅದಕ್ಕೆ ಸಿಕ್ಕಿಸುವ ವೈರುಗಳೆಲ್ಲ ಇಲ್ಲೇ ಉಳಿದಿದ್ದವು.

ಅಕ್ಕ ಹಣೆ ಚಚ್ಚಿಕೊಂಡಳು. ಇದೇ ಅನುಮಾನ ಕಳೆದ ಭಾನುವಾರ ಊಟಕ್ಕೆ ಕೂತಾಗ ಬಂದಿತ್ತು. ಇನ್ನೊಂದು ಸಲ ಮುಖ ಕೆಡಿಸಿಕೊಳ್ಳುವುದು ಬೇಡ, ಸ್ವತಃ ಹೋಗಿ ನೋಡಿ ಖಾತ್ರಿಯಾದ ಮೇಲೆ ಲ್ಯಾಬಿನವರಿಗೆ ಹೇಳೋಣ ಎಂದುಕೊಂಡಿದ್ದಳು. ತಮ್ಮನಿಗೂ ಹೇಳಿರಲಿಲ್ಲ. ಅವನು ಅಮ್ಮನ ಜೊತೆ ಊರಿನ ಇನ್ನೊಂದು ಕೊನೆಯಲ್ಲಿದ್ದ. ಮಂಗಳವಾರದ ಗಾಬರಿಯಲ್ಲಿ ಆ ಯೋಚನೆಯೇ ತಲೆಯಿಂದ ಹಾರಿಹೋಗಿತ್ತು.

ನಾಲ್ಕು ವೈರುಗಳಿದ್ದವು. ಒಂದು ಚಾರ್ಜರಿನದು, ಒಂದು ಮೌಸಿನದು, ಒಂದು ರಕ್ತ ಪರೀಕ್ಷೆಯ ಯಂತ್ರದ್ದು, ಇನ್ನೊಂದು ಆರು ತಿಂಗಳ ಹಿಂದೆ ತಂದ, ಸೀಸೆಗಳಿಗೆ ಅಂಟಿಸುವ ಲೇಬಲ್ಲಿನ ಪುಟ್ಟ ಪ್ರಿಂಟರಿನದು. ಏನೂ ಮಾತಾಡದೆ ಅಕ್ಕ ಲೇಬಲ್ ಪ್ರಿಂಟರಿನ ವೈರನ್ನು ಕಿತ್ತಳು. ಗುಂಡಿ ಒತ್ತಿದಳು.

ಹದಿನೆಂಟು ಸೆಕೆಂಡಿನಲ್ಲಿ ಲ್ಯಾಪ್‌ಟಾಪ್ ಎದ್ದು ಕೂತಿತು.

"ಅಯ್ಯಯ್ಯೋ!" ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. "ಏನು ಮಾಡಿದೆ?"

"ಒಂದು ವೈರ್ ತೆಗೆದೆ ಮೇಡಂ. ಇರಿ, ಇನ್ನೊಂದು ಸಲ ನೋಡೋಣ."

ಆಫ್ ಮಾಡಿದಳು. ಪರದೆ ಕಪ್ಪಾಯಿತು, ಫ್ಯಾನು ನಿಂತಿತು, ದೀಪ ಆರಿತು. ಅದೇ ವೈರು ಸಿಕ್ಕಿಸಿ ಎಬ್ಬಿಸಿದಳು, ಅದೇ ಹಳೇ ಹಟ. ಕಿತ್ತಳು, ಎದ್ದಿತು. ಅದನ್ನು ಸಿಕ್ಕಿಸಿ ಆಫ್ ಮಾಡಿದಳು, ಪರದೆ ಕಪ್ಪು, ಫ್ಯಾನು ಗುಂಯ್. ಸಂಶಯವೇ ಇಲ್ಲ. ಆ ಪುಟ್ಟ ಪ್ರಿಂಟರು ಆರು ತಿಂಗಳಿಂದ ಎಲ್ಲರ ಕಣ್ಣಿಗೆ ಮಣ್ಣೆರಚಿತ್ತು.

ಆದರೆ ಅವಳಿಗೆ ಬೇಕಾಗಿದ್ದುದು ಅದಲ್ಲ. ಯಾವ ಲ್ಯಾಪ್‌ಟಾಪಾದರೂ ತಾನು ಯಾವಾಗ ಎದ್ದೆ, ಯಾವಾಗ ಮಲಗಿದೆ ಅನ್ನುವುದನ್ನು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ಅಕ್ಕ ಆ ಪಟ್ಟಿಯನ್ನು ತೆರೆದಳು. ಕನ್ನಡಕ ಏರಿಸಿಕೊಂಡು ಡಾಕ್ಟರಮ್ಮ ಪಕ್ಕಕ್ಕೆ ಬಂದರು.

"ಇಲ್ನೋಡಿ ಮೇಡಂ. ಸೋಮವಾರ. ಹಿಂದಿನ ಸಲ ಸರಿಯಾಗಿ ಆಫ್ ಆಗಿಲ್ಲ. ಶನಿವಾರ, ಸರಿಯಾಗಿ ಆಗಿಲ್ಲ. ಶುಕ್ರವಾರ, ಆಗಿಲ್ಲ. ನನ್ನ ಅಂಗಡಿಗೆ ಬಂದ ದಿನ ಬಿಟ್ರೆ ಆರು ತಿಂಗಳೂ ಇದೇ ಹಾಡು."

"ಮಂಗಳವಾರ?"

ಅಕ್ಕನ ಬೆರಳು ಪರದೆಯ ಮೇಲೆ ನಿಂತಿತು. ಮಧ್ಯಾಹ್ನ ಹನ್ನೆರಡು ಐವತ್ತೆಂಟಕ್ಕೆ ಆಫ್ ಮಾಡಲು ಒತ್ತಿದ್ದಾರೆ, ಸರಿಯಾಗಿ ಆಗಿಲ್ಲ. ಅದು ತಮ್ಮ ಊಟಕ್ಕೆ ಹೋದದ್ದು. ಒಂದು ಇಪ್ಪತ್ತಕ್ಕೆ ಮತ್ತೆ ಎದ್ದಿದೆ. ಒಂದು ಮೂವತ್ತೊಂದಕ್ಕೆ ಆಫ್.

ಸರಿಯಾಗಿ ಆಫ್. ಲ್ಯಾಬಿನಲ್ಲಿ, ಆರು ತಿಂಗಳಲ್ಲಿ ಆ ಒಂದೇ ಸಲ.

ಅಕ್ಕನ ಕಣ್ಣಲ್ಲಿ ನೀರು ಬಂತು. "ಮೇಡಂ, ನನ್ನ ತಮ್ಮ ನಿಜಾನೇ ಹೇಳಿದ್ದಾನೆ! ಅವನು ಆಫ್ ಮಾಡಿನೇ ಹೋಗಿದ್ದ. ಆಮೇಲೆ ಯಾರೋ ಬಂದಿದ್ದಾರೆ. ಹನ್ನೊಂದು ನಿಮಿಷ ಕೂತಿದ್ದಾರೆ. ಅವರಿಗೆ ಈ ವೈರಿನ ಗುಟ್ಟು ಗೊತ್ತಿತ್ತು. ಕಿತ್ತಿದ್ದಾರೆ, ಎಬ್ಬಿಸಿದ್ದಾರೆ, ಕೆಲಸ ಮುಗಿಸಿ ನೀಟಾಗಿ ಆಫ್ ಮಾಡಿ, ಮತ್ತೆ ಸಿಕ್ಕಿಸಿ ಹೋಗಿದ್ದಾರೆ."

"ಅದು ನಿನ್ನ ತಮ್ಮನೇ ಯಾಕಾಗಿರಬಾರದು?"

"ಅವನಿಗೆ ಗೊತ್ತಿದ್ರೆ ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಗುಂಡಿ ಒತ್ತುತ್ತಾ ಯಾಕೆ ಕೂರ್ತಿದ್ದ ಮೇಡಂ? ಅವನಿಗೇನು ಹುಚ್ಚಾ?"

ಡಾಕ್ಟರಮ್ಮನ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. ಪ್ಲೈವುಡ್ ಗೋಡೆಯಾಚೆ ಕುರ್ಚಿ ಸರಿದ ಸದ್ದಾಯಿತು. ಮೂರು ದಿನದಲ್ಲಿ ಮೊದಲ ಸಲ ಅಕ್ಕ ತುಂಬು ಉಸಿರು ಎಳೆದುಕೊಂಡಳು.

ಮೂರೂ ನಲವತ್ತು. ಅಕ್ಕ ಬೀಗಪ್ಪನ ಕಡೆ ತಿರುಗಿದಳು.

"ಈ ಕೋಣೆಗೆ ಊಟದ ಹೊತ್ತಲ್ಲಿ ಬೀಗ ಬೀಳುತ್ತೆ ಅಲ್ವಾ ಸಾರ್?"

"ಹೂಂ."

"ಬೀಗದ ಕೈ ಎಷ್ಟಿದೆ?"

"ಎರಡು. ಒಂದು ನಿಮ್ಮ ತಮ್ಮನ ಹತ್ರ. ಒಂದು... ಒಂದು ಇಲ್ಲಿದೆ."

"ಹಾಗಾದ್ರೆ ಒಂದು ಇಪ್ಪತ್ತಕ್ಕೆ ಬಾಗಿಲು ತೆಗೆದಿದ್ದು ಯಾರು?"

"ನಂಗೇನ್ರೀ ಗೊತ್ತು? ನಾನು ಮುಂದಿನ ರೂಮಲ್ಲಿ ಊಟ ಮಾಡ್ತಿದ್ದೆ."

"ಊಟ ಮಾಡೋವಾಗ ಬಿಚ್ಚಿಡ್ತೀರಾ ಗೊಂಚಲನ್ನ? ಮಲಗೋವಾಗ್ಲೂ ಬಿಚ್ಚಲ್ಲ ಅಂತ ನಿಮ್ಮ ಮನೆಯವರೇ ನಗಾಡ್ತಾರೆ!"

"ಅತ್ತಿಗೆ, ಇವರು ನನ್ನ ಮೇಲೇ ಗೂಬೆ ಕೂರಿಸ್ತಿದ್ದಾರೆ ನೋಡಿ!" ಬೀಗಪ್ಪನ ಧ್ವನಿ ಒಡೆಯಿತು.

"ನನ್ನನ್ನ ನೋಡ್ಬೇಡ. ಅವಳು ಕೇಳಿದ್ದಕ್ಕೆ ಹೇಳು," ಅಂದರು ಡಾಕ್ಟರಮ್ಮ. "ಬಾಗಿಲು ತೆಗೆದೆಯಾ, ಇಲ್ವಾ?"

ಬೀಗಪ್ಪ ಬೆವರೊರೆಸಿಕೊಂಡ. ಒಂದು ಸಲ ಅಕ್ಕನನ್ನು ನೋಡಿದ, ಒಂದು ಸಲ ನೆಲವನ್ನು ನೋಡಿದ.

"ತೆಗೆದೆ."

"ಮತ್ತೆ ಯಾರೂ ಬಂದಿಲ್ಲ ಅಂತ ಮೂರು ದಿನದಿಂದ ಸಾಧಿಸ್ತಿದ್ದೀಯಲ್ಲೋ!"

"ನೀವು ಕೇಳಿದ್ದೇನು ಅತ್ತಿಗೆ? ಹೊರಗಿನವರು ಯಾರಾದ್ರೂ ಬಂದಿದ್ರಾ ಅಂತ. ಅವರು ಹೊರಗಿನವರಾ? ತಿಂಗಳಿಗೆ ಎರಡು ಸಲ ಬರ್ತಾರೆ, ಹೋಗ್ತಾರೆ. ಕಾಫಿ ಕುಡೀತಾರೆ. ಅವರನ್ನ ಯಾರು ಲೆಕ್ಕಕ್ಕಿಡ್ತಾರೆ? ನಿಜ ಹೇಳ್ತೀನಿ, ನಂಗೆ ನೆನಪೂ ಆಗಿರಲಿಲ್ಲ. ನಿನ್ನೆ ಸಂಜೆ ಹೊಳೀತು. ಹೊಳೆದ ಮೇಲೆ ಹೇಳೋಕೆ ಭಯ ಆಯ್ತು, ಬಾಗಿಲು ತೆಗೆದೋನು ನಾನೇ ಅಲ್ವಾ?"

"ಯಾರು ಅಂತ ಬಾಯಿ ಬಿಡೋ ಮಾರಾಯ!"

ಬೀಗಪ್ಪ ಅಕ್ಕನ ಕಡೆ ಕೈ ತೋರಿಸಿದ.

"ಇವರ ಯಜಮಾನರು."

ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ.

"ನಿಮ್ಮ ಯಜಮಾನ್ರು ರೀ. ಅಂಗಡಿಯಿಂದ ನೀವೇ ಕಳಿಸಿದ್ದು, ಲ್ಯಾಪ್‌ಟಾಪ್ ನೋಡ್ಕೊಂಡು ಬಾ ಅಂದ್ರಂತೆ. ಬೀಗ ತೆಗೆದು ಕೊಟ್ಟು ನಾನು ಊಟಕ್ಕೆ ಹೋದೆ. ಹತ್ತು ಹದಿನೈದು ನಿಮಿಷದಲ್ಲಿ ಮುಗೀತು ಅಂತ ಹೇಳಿ ಹೊರಟ್ರು."

ಅಕ್ಕ ಕಳಿಸಿರಲಿಲ್ಲ. ಅಂಗಡಿಯ ಸಾಮಾನು ತರುವುದು, ಕೊಡುವುದು ಅವಳ ಗಂಡನ ಕೆಲಸ. ಈ ಲ್ಯಾಪ್‌ಟಾಪನ್ನು ಎರಡು ಸಲವೂ ಹೊತ್ತು ತಂದವರು ಅವರೇ. ಆದರೆ ಮಂಗಳವಾರ ಅವರು ಹೋಲ್‌ಸೇಲ್ ಅಂಗಡಿಯಿಂದ ಬಿಡಿಭಾಗ ತರುತ್ತೇನೆಂದು ಹೋಗಿ ಮೂರು ಗಂಟೆಗೆ ಬಂದಿದ್ದರು. ಬಂದವರು ಉಣ್ಣದೆ ಮಲಗಿದ್ದರು.

ಭಾನುವಾರ ಊಟಕ್ಕೆ ಕೂತಾಗ ಅವಳು ಆ ಮಾತನ್ನು ಆಡಿದ್ದು ಯಾರ ಮುಂದೆ? "ರೀ, ಆ ಲೇಬಲ್ ಪ್ರಿಂಟರ್ ವೈರ್ ಕಿತ್ತರೆ ಅದು ಏಳುತ್ತೆ, ಸರಿಯಾಗಿ ಆಫೂ ಆಗುತ್ತೆ ಅನ್ಸುತ್ತೆ." ತಟ್ಟೆಯಿಂದ ತಲೆ ಎತ್ತದೆ ಅವರು, "ಹೌದಾ?" ಅಂದಿದ್ದರು. ಅಷ್ಟೇ. ಆ ಮನೆಯಲ್ಲಿ ಇದ್ದದ್ದು ಅವರಿಬ್ಬರೇ.

ಅಕ್ಕ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಹನ್ನೆರಡು ವರ್ಷ ಒಂದೇ ಸೂರಿನಡಿ ಬಾಳಿದ ಮನುಷ್ಯ, ಇರುವೆಯನ್ನೂ ದಾಟಿ ನಡೆಯುವವರು, ಆ ಮುದಿ ಮೇಷ್ಟ್ರ ರಿಪೋರ್ಟಿಗೆ ಯಾಕೆ ಕೈ ಹಾಕಬೇಕು? ಗಂಡನಿಗೆ ಫೋನ್ ಒತ್ತಿದಳು. ಸ್ವಿಚ್ ಆಫ್. ಇನ್ನೊಂದು ಸಲ ಒತ್ತಿದಳು. ಸ್ವಿಚ್ ಆಫ್. ಆ ಫೋನು ಹಗಲು ಹೊತ್ತು ಸ್ವಿಚ್ ಆಫ್ ಆದದ್ದನ್ನು ಅವಳು ಕಂಡೇ ಇರಲಿಲ್ಲ.

"ಏನಮ್ಮ ಇದು?" ಡಾಕ್ಟರಮ್ಮನ ಧ್ವನಿ ಈಗ ಬೇರೆಯಾಗಿತ್ತು.

"ನಂಗೊಂದೂ ಗೊತ್ತಾಗ್ತಿಲ್ಲ ಮೇಡಂ. ದೇವರಾಣೆ ಗೊತ್ತಾಗ್ತಿಲ್ಲ."

ಹೊರಗೆ ಜೀಪು ನಿಂತಿತು. ನಾಲ್ಕಕ್ಕೆ ಇನ್ನೂ ಎಂಟು ನಿಮಿಷವಿತ್ತು. ಪೊಲೀಸರು ಹೊತ್ತಿಗೆ ಮುಂಚೆ ಬಂದದ್ದನ್ನು ಯಾರು ಕಂಡಿದ್ದಾರೆ? ಇವತ್ತೇ ಬರಬೇಕಿತ್ತಾ!

ಇನ್ಸ್‌ಪೆಕ್ಟರ್ ಮೆಲುದನಿಯ ಮನುಷ್ಯ. ಟೋಪಿ ತೆಗೆದು ಮೇಜಿನ ಮೇಲಿಟ್ಟು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಪಟ್ಟಿಯನ್ನು ತಾವೇ ಎರಡು ಸಲ ಓದಿದರು. ಬಾಗಿಲು ತೆಗೆದ ಸಂಗತಿ ಹೇಳಲು ಬೀಗಪ್ಪ ಬಾಯಿ ತೆರೆದಾಗ, ಸ್ವಲ್ಪ ಇರಿ ಎಂದು ಕೈಯಲ್ಲೇ ತಡೆದರು.

"ಒಂದೇ ಪ್ರಶ್ನೆ ಅಮ್ಮ," ಅಂದರು ಅಕ್ಕನಿಗೆ. "ಒಂದು ವೈರ್ ಕಿತ್ತರೆ ಇದು ಸರಿಹೋಗುತ್ತೆ ಅನ್ನೋದು ಮಂಗಳವಾರಕ್ಕೆ ಮುಂಚೆ ನಿಮ್ಮನ್ನ ಬಿಟ್ಟು ಇನ್ಯಾರಿಗೆ ಗೊತ್ತಿತ್ತು?"

ಹೆಸರು ಹೇಳಿದರೆ ತಮ್ಮ ಈಗಲೇ ಮನೆಗೆ ಹೋಗುತ್ತಾನೆ. ಹೇಳಿದರೆ ಅದೇ ಜೀಪು ನೇರ ಅವಳ ಮನೆ ಬಾಗಿಲಿಗೆ ಹೋಗುತ್ತದೆ. ಹೇಳದಿದ್ದರೆ... ಅಮ್ಮನಿಗೆ ಏನೆಂದು ಮುಖ ತೋರಿಸುವುದು?

"ಸಾರ್, ಅದು..." ಅವಳು ಬಾಯಿ ತೆರೆದಳು.

"ನಂಗೆ ಗೊತ್ತಿತ್ತು ಸಾರ್."

ತಮ್ಮ ಬಾಗಿಲಲ್ಲಿ ನಿಂತಿದ್ದ. ಗೋಡೆಯಾಚೆಯಿಂದ ಅವನಿಗೆ ಎಲ್ಲ ಕೇಳಿಸಿತ್ತು, ಭಾವನ ವಿಷಯವೂ ಕೇಳಿಸಿತ್ತು. ಮುಖ ಬಿಳಿಚಿಕೊಂಡಿತ್ತು. ಗಂಟಲು ಮಾತ್ರ ಕಟ್ಟಿರಲಿಲ್ಲ.

"ನಾನೇ ಮಾಡಿದ್ದು. ರಿಪೋರ್ಟ್ ತಿದ್ದಿದ್ದು ನಾನೇ. ಭಾವನಿಗೂ ಇದಕ್ಕೂ ಸಂಬಂಧ ಇಲ್ಲ."

"ಏಯ್! ಏನೋ ಬಡಬಡಿಸ್ತೀಯ? ಸುಳ್ಳು ಸಾರ್, ನನ್ನ ಸಂಸಾರ ಉಳಿಸೋಕೆ ಸುಳ್ಳು ಹೇಳ್ತಿದ್ದಾನೆ!" ಅಕ್ಕ ಕಿರುಚಿದಳು. "ಅವನಿಗೆ ಏನೂ ಗೊತ್ತಿಲ್ಲ!"

"ಗೊತ್ತಾ ಇಲ್ವಾ ನೋಡೇಬಿಡೋಣ," ಅಂದರು ಇನ್ಸ್‌ಪೆಕ್ಟರ್. "ಯಾವ ವೈರ್ ಅಂತ ಈ ಕೋಣೆಯಲ್ಲಿ ಯಾರಾದ್ರೂ ಬಾಯಿಬಿಟ್ಟು ಹೇಳಿದ್ರಾ?"

"ಇಲ್ಲ," ಅಂದರು ಡಾಕ್ಟರಮ್ಮ. "ಇವಳು ಕಿತ್ತು ತೋರಿಸಿದ್ದಷ್ಟೇ. ಅವನು ಆಚೆ ಇದ್ದ."

"ಒಳ್ಳೇದು. ನಾಲ್ಕೂ ಸಿಕ್ಕಿಸಿ. ಲ್ಯಾಪ್‌ಟಾಪ್ ಆನ್ ಇರಲಿ."

ಅಕ್ಕ ನಾಲ್ಕೂ ವೈರುಗಳನ್ನು ಸಿಕ್ಕಿಸಿ ಹಿಂದೆ ಸರಿದಳು. ಇನ್ಸ್‌ಪೆಕ್ಟರ್ ತಮ್ಮನನ್ನು ಮೇಜಿನ ಮುಂದೆ ನಿಲ್ಲಿಸಿದರು.

"ನೀನೇ ಮಾಡಿದ್ರೆ ಮಾಡಿ ತೋರ್ಸಪ್ಪ. ಮಂಗಳವಾರದ ಥರಾನೇ ಸರಿಯಾಗಿ ಆಫ್ ಮಾಡು."

ತಪ್ಪು ವೈರು ಎಳಿಯೋ, ಎಂದು ಅಕ್ಕ ಒಳಗೊಳಗೇ ಬೇಡಿಕೊಂಡಳು. ಮೌಸಿನದನ್ನು ಎಳಿ, ಯಂತ್ರದ್ದನ್ನು ಎಳಿ, ಯಾವುದನ್ನಾದರೂ ಎಳಿ. ನಿನ್ನ ಸುಳ್ಳು ಇಲ್ಲೇ ಬಯಲಾಗಲಿ. ಆಮೇಲೆ ನನ್ನ ಸಂಸಾರದ ಗತಿ ಏನಾದರೂ ಆಗಲಿ, ನೀನು ಮನೆಗೆ ಹೋಗು.

ತಮ್ಮ ನಾಲ್ಕು ವೈರುಗಳನ್ನು ನೋಡಿದ. ಒಂದು ಕ್ಷಣವೂ ತಡವರಿಸಲಿಲ್ಲ. ಲೇಬಲ್ ಪ್ರಿಂಟರಿನ ವೈರನ್ನು ಹಿಡಿದು ಎಳೆದ, ಆಫ್ ಒತ್ತಿದ.

ಪರದೆ ಕಪ್ಪಾಯಿತು. ಫ್ಯಾನು ನಿಂತಿತು. ಅಂಚಿನ ದೀಪವೂ ಆರಿತು.

ಇನ್ಸ್‌ಪೆಕ್ಟರ್ ಮೇಜಿನ ಮೇಲಿನ ಟೋಪಿ ಎತ್ತಿಕೊಂಡರು.

"ಇದನ್ನ ನಿಂಗೆ ಯಾರೋ ಹೇಳಿಕೊಟ್ರು?" ಅಕ್ಕ ಕೇಳಿದಳು. ಭಾನುವಾರ ಅವಳ ಮಾತು ಕೇಳಿಸಿಕೊಂಡವರು ಅವಳ ಗಂಡ ಒಬ್ಬರೇ.

ತಮ್ಮ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಅಕ್ಕಾ, ಅದೊಂದು ಮಾತ್ರ ಕೇಳ್ಬೇಡ," ಅಂದು ಎರಡೂ ಕೈಗಳನ್ನು ಇನ್ಸ್‌ಪೆಕ್ಟರ್ ಮುಂದೆ ಚಾಚಿ ನಿಂತ.